ಎದೆಬಾವು ಬಂದರೆ ಹಾಲು ಬತ್ತಿತೆಂದು ಹೆದರಬೇಡಿ

ಅವಳಿ ಮಕ್ಕಳ ತಾಯಿಗೆ ಎದೆ ಕೆಂಪಾಗಿ ಬಾತು, ಚಳಿಜ್ವರ ಬಂದರೆ ಆ ಬದಿಯ ಹಾಲು ಕೆಲವು ದಿನ ಕಡಿಮೆಯಾಗುವುದುಂಟು. ಹಾಗೆಂದು ಹಾಲುಣಿಸುವುದನ್ನು ನಿಲ್ಲಿಸಬಾರದು. ಸೋಂಕು ತಗುಲಿದ ಎದೆಯ ಹಾಲಿನಿಂದ ಆರೋಗ್ಯವಂತ ಮಗುವಿಗೆ ತೊಂದರೆಯಿಲ್ಲ. ತಣ್ಣೀರ ಬಟ್ಟೆಯಿಂದ ಬಾವು ಇಳಿಯುತ್ತದೆ, ಗಟ್ಟಿಯಾಗಿ ತಿಕ್ಕಬಾರದು. ವೈದ್ಯರು ಕೊಟ್ಟ ಮದ್ದನ್ನು ಅರ್ಧಕ್ಕೆ ಬಿಡಬಾರದು. 2 ದಿನದಲ್ಲಿ ಗುಣ ಕಾಣದಿದ್ದರೆ ಕೀವು ಕಟ್ಟಿರಬಹುದು, ಮತ್ತೆ ತೋರಿಸಬೇಕು.

ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಬಾವು ಇಳಿದ ಮೇಲೆ ಪ್ರತಿ ಮಗುವಿಗೂ ದಿನಕ್ಕೆ 8ರಿಂದ 12 ಬಾರಿ, ಬದಿ ಬದಲಿಸುತ್ತಾ ಹಾಲುಣಿಸಬೇಕು. ಚೆನ್ನಾಗಿ ಚೀಪುವ ಮಗುವನ್ನು ಹಾಲು ಕಡಿಮೆಯಿರುವ ಬದಿಗೆ ಹೆಚ್ಚು ಹಿಡಿಯಬೇಕು. ದಿನಕ್ಕೆ 6 ಬಾರಿಯಾದರೂ ಮೂತ್ರ ಮಾಡಿ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಸಾಲದಿದ್ದರೆ ವೈದ್ಯರ ಸಲಹೆಯಂತೆ ಮೇಲಿನ ಹಾಲು ಕೊಡಬಹುದು, ಆದರೆ ಎದೆಹಾಲು ಬಿಡಿಸಬಾರದು.

ಬಾಣಂತಿಯನ್ನು ನೋಡಲು ಹೋಗುವವರು 'ಹಾಲು ಸಾಲದು' ಎನ್ನುವ ಬದಲು ಒಂದು ಮಗುವನ್ನು ಎತ್ತಿಕೊಂಡು ಆಕೆಗೆ ನಿದ್ದೆ ಮಾಡಲು ಬಿಡಲಿ.