ನಿಮಗಿದು ಗೊತ್ತೆ? ಹಡಗಿನ ಬಿಸಿಲಿಗೆ ಕುಸನೂರಿನ ರುಮಾಲು
ಕಲಬುರಗಿಯಿಂದ ರೈಲಿನಲ್ಲಿ ಮುಂಬೈಗೆ ಹೋಗಿ ಪ್ರವಾಸಿ ಹಡಗು ಹತ್ತುವವರಿಗೆ ಹಗಲುಡುಪಿನ ಪಾಠ ಊರ ಪಕ್ಕದ ಕುಸನೂರಿನ ಹೊಲದಲ್ಲೇ ಇದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಈ ಸೀಮೆಯ ಹಿರಿಯರದು ಸಡಿಲವಾದ ತುಂಬುತೋಳಿನ ಅಂಗಿ, ಹತ್ತಿಯ ಧೋತರ, ತಲೆಗೆ ರುಮಾಲು. ಅದರ ಚುಂಗು ಇಳಿಬಿಟ್ಟರೆ ಕತ್ತಿನ ಹಿಂಭಾಗಕ್ಕೂ ನೆರಳು.

ಹಡಗಿನ ಡೆಕ್ಕಿಗೂ ಇದೇ ಸರಿ. ಕಡಲಗಾಳಿಯ ತಂಪಿನಲ್ಲಿ ಚರ್ಮ ಸುಡುತ್ತಿರುವುದು ತಿಳಿಯುವುದೇ ಇಲ್ಲ. ಅಲೆಯ ನೊರೆ ಅತಿನೇರಳೆ ಕಿರಣಗಳಲ್ಲಿ ಸುಮಾರು ಶೇ 25ರಷ್ಟನ್ನು ಪ್ರತಿಫಲಿಸುತ್ತದೆ. ತೆಳು ಬಿಳಿ ಹತ್ತಿಬಟ್ಟೆ ನೆನೆದರೆ ರಕ್ಷಣೆ ಇನ್ನೂ ಕಡಿಮೆ. ಬೆಳಕಿಗೆ ಹಿಡಿದಾಗ ಆಚೆಯದು ಕಾಣದಷ್ಟು ದಟ್ಟ ನೇಯ್ಗೆಯದನ್ನೇ ಆರಿಸಿ. ಈಜುಡುಗೆ ಕೊಳದ ಬಳಿಗಷ್ಟೇ. ಊಟಕ್ಕೆ ಹೋಗುವಾಗ ಮೇಲೊಂದು ಅಂಗಿ ಬೇಕು. ಒದ್ದೆ ಡೆಕ್ಕಿನ ಮೇಲೆ ಜಾರದ ರಬ್ಬರ್ ಚಪ್ಪಲಿಯೇ ಒಳ್ಳೆಯದು.