ರಾಷ್ಟ್ರಪತಿಗಳ ಅಧಿಕಾರ ಮತ್ತು ಗಡಿನಾಡಿನ ಕನ್ನಡ ಶಾಲೆ

ತಡವಳ (ಅಕ್ಕಲಕೋಟ ತಾಲೂಕು): ಮನೆಯಲ್ಲಿ ಆಡುವ ಮಾತು ಕನ್ನಡ, ಹೊಲದ ಸಾತಬಾರಾ ಉತಾರ ಮರಾಠಿಯಲ್ಲಿ. ಅಕ್ಕಲಕೋಟ ತಾಲೂಕಿನ ಊರುಗಳಿಗೆ ಇದು ಹೊಸದೇನಲ್ಲ. ಬೇಡಿಕೆ ಏನೇ ಇರಲಿ, ತಹಶೀಲ್ದಾರರ ಕೈಗೆ ಕೊಡುವ ಮನವಿಯ ಮೇಲೆ ‘ಮಾನ್ಯ ರಾಷ್ಟ್ರಪತಿಗಳು, ನವದೆಹಲಿ’ ಎಂದು ಬರೆಯುವುದು ನಮ್ಮ ದೇಶದಲ್ಲಿ ರೂಢಿ. ಕನ್ನಡ ಶಾಲೆಯ ವಿಷಯದಲ್ಲಿ ಆ ಹೆಸರಿಗೆ ಏನಾದರೂ ಅರ್ಥವಿದೆಯೇ ಅಥವಾ ಅದು ಬರೀ ಶಿಷ್ಟಾಚಾರವೇ?

ಅರ್ಥವಿದೆ. ಸಂವಿಧಾನದ 350ಎ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯುವಂತೆ ಪ್ರತಿ ರಾಜ್ಯವೂ ಪ್ರಯತ್ನಿಸಬೇಕು. ಇದಕ್ಕಾಗಿ ಯಾವುದೇ ರಾಜ್ಯಕ್ಕೆ ನಿರ್ದೇಶನ ನೀಡುವ ಅಧಿಕಾರವನ್ನು ರಾಷ್ಟ್ರಪತಿಗಳಿಗೇ ಕೊಡಲಾಗಿದೆ. 350ಬಿ ಪ್ರಕಾರ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯನ್ನು ನೇಮಿಸುವವರೂ ಅವರೇ. ಆ ಅಧಿಕಾರಿಯ ವರದಿ ಅವರ ಮೂಲಕ ಸಂಸತ್ತಿನ ಎರಡೂ ಸದನಗಳಿಗೆ ಹೋಗುತ್ತದೆ. ಭಾಷಾವಾರು ಪ್ರಾಂತಗಳಾದ 1956ರಲ್ಲಿಯೇ, ಗಡಿಯ ಆಚೆ ಈಚೆ ಉಳಿದವರನ್ನು ನೆನೆದು, 7ನೆಯ ತಿದ್ದುಪಡಿಯ ಮೂಲಕ ಇವೆರಡನ್ನೂ ಸೇರಿಸಲಾಯಿತು. ಇದಕ್ಕಿಂತ ಹಳೆಯದು 347ನೆಯ ವಿಧಿ. ರಾಜ್ಯದ ಜನಸಂಖ್ಯೆಯ ಗಣನೀಯ ಭಾಗ ತಮ್ಮ ಭಾಷೆಗೆ ಮಾನ್ಯತೆ ಬಯಸುತ್ತಿದೆ ಎಂದು ಮನವರಿಕೆಯಾದರೆ, ಆ ಭಾಷೆಯನ್ನು ರಾಜ್ಯದಲ್ಲಿ ಅಥವಾ ಅದರ ಒಂದು ಭಾಗದಲ್ಲಿ ಅಧಿಕೃತವಾಗಿ ಬಳಸುವಂತೆ ರಾಷ್ಟ್ರಪತಿಗಳು ನಿರ್ದೇಶಿಸಬಹುದು.

ಗಡಿಯ ಪ್ರಶ್ನೆಯೂ ಇಲ್ಲಿಗೇ ಬರುತ್ತದೆ. ಅಕ್ಕಲಕೋಟ ತಾಲೂಕನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು, ಮಹಾರಾಷ್ಟ್ರ ಒಪ್ಪಲಿಲ್ಲ. 3ನೆಯ ವಿಧಿಯಂತೆ ರಾಜ್ಯದ ಗಡಿ ಬದಲಿಸುವ ವಿಧೇಯಕವನ್ನು ರಾಷ್ಟ್ರಪತಿಗಳ ಶಿಫಾರಸು ಇಲ್ಲದೆ ಸಂಸತ್ತಿನಲ್ಲಿ ಮಂಡಿಸುವಂತಿಲ್ಲ.

ಇಷ್ಟೆಲ್ಲ ಅಧಿಕಾರವಿದ್ದರೆ ಒಂದು ಸಹಿ ಹಾಕಲು ತಡವೇಕೆ ಎಂದು ಯಾರಾದರೂ ಕೇಳಬಹುದು. ತೊಡಕು 74ನೆಯ ವಿಧಿಯಲ್ಲಿದೆ. ರಾಷ್ಟ್ರಪತಿಗಳು ಕೇಂದ್ರ ಸಚಿವ ಸಂಪುಟದ ಸಲಹೆಯಂತೆಯೇ ನಡೆಯಬೇಕು. 1976ರ 42ನೆಯ ತಿದ್ದುಪಡಿ ಇದನ್ನು ಕಡ್ಡಾಯ ಮಾಡಿತು. 1978ರ 44ನೆಯ ತಿದ್ದುಪಡಿ ಒಂದೇ ಒಂದು ಸಡಿಲಿಕೆ ಕೊಟ್ಟಿತು: ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು, ಮತ್ತೆ ಬಂದರೆ ಒಪ್ಪಲೇಬೇಕು.

ಈ ಕಟ್ಟು ಎಷ್ಟು ಬಿಗಿ ಎಂಬುದನ್ನು ಅನುಭವಿಸಿದವರು ಭೀಮಾ ನದಿಯ ಆಚೆಯ ಕನ್ನಡಿಗರೇ. ಅಖಂಡ ವಿಜಾಪುರ ಜಿಲ್ಲೆಯ ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಿ.ಡಿ. ಜತ್ತಿ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಉಪರಾಷ್ಟ್ರಪತಿಯಾಗಿದ್ದಾಗ, 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದ ಕಾರಣ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿಯಾದರು. ಆ ಏಪ್ರಿಲ್‌ನಲ್ಲಿ ಹೊಸ ಜನತಾ ಸರಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವಂತೆ ಸಲಹೆ ಕೊಟ್ಟಿತು. ಜತ್ತಿ ತಕ್ಷಣ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವೆದ್ದಿತು. ಮರುದಿನ, ಏಪ್ರಿಲ್ 30ರಂದು, ಸಹಿ ಬಿತ್ತು. ಅವರ ಕೈಯಲ್ಲಿದ್ದುದು ಒಂದು ದಿನದ ವಿಳಂಬ ಮಾತ್ರ. ಆದರೂ ಆ ಒಂದು ದಿನ ದೇಶವೆಲ್ಲ ಚರ್ಚೆ ಮಾಡಿತು ಎಂಬುದು ಗಮನಾರ್ಹ.

ವಿಧೇಯಕಗಳ ವಿಷಯದಲ್ಲಿ ತುಸು ಹೆಚ್ಚು ಅವಕಾಶವಿದೆ. ಜೈಲ್ ಸಿಂಗ್ 1986ರ ಅಂಚೆ ತಿದ್ದುಪಡಿ ವಿಧೇಯಕಕ್ಕೆ ಸಹಿಯನ್ನೂ ಹಾಕದೆ, ಹಿಂದಿರುಗಿಸದೆ ಇಟ್ಟುಕೊಂಡರು. ಅಬ್ದುಲ್ ಕಲಾಂ 2006ರಲ್ಲಿ ಲಾಭದ ಹುದ್ದೆ ವಿಧೇಯಕವನ್ನು ಹಿಂದಿರುಗಿಸಿದರು, ಸಂಸತ್ತು ಮತ್ತೆ ಅಂಗೀಕರಿಸಿದ ಮೇಲೆ ಸಹಿ ಹಾಕಿದರು.

ಇನ್ನು ಆಯ್ಕೆ. ತಡವಳದ ಮತದಾರ ನೇರವಾಗಿ ಮತ ಹಾಕುವುದಿಲ್ಲ. ಅವರ ಪರವಾಗಿ ಅಕ್ಕಲಕೋಟದ ಆಮದಾರರು ಮತ್ತು ಸೊಲ್ಲಾಪುರದ ಖಾಸದಾರರು ಹಾಕುತ್ತಾರೆ. ನಾಮಕರಣಗೊಂಡವರಿಗೂ ವಿಧಾನ ಪರಿಷತ್ ಸದಸ್ಯರಿಗೂ ಮತವಿಲ್ಲ. ರಾಜ್ಯದ 1971ರ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದರೆ ಬರುವುದು ಒಬ್ಬ ಶಾಸಕರ ಮತಮೌಲ್ಯ. ಮಹಾರಾಷ್ಟ್ರದ ಶಾಸಕರಿಗೆ ಇದು 175, ಕರ್ನಾಟಕದವರಿಗೆ 131. ಅಂದರೆ ಈ ಲೆಕ್ಕದಲ್ಲಿ ಅಕ್ಕಲಕೋಟದ ಮತ ಪಕ್ಕದ ಇಂಡಿಯ ಮತಕ್ಕಿಂತ ತೂಕದ್ದು! 2022ರಲ್ಲಿ ಸಂಸದರೊಬ್ಬರ ಮೌಲ್ಯ 700 ಇತ್ತು. ಮತದಾನ ಗುಪ್ತ, ಪಕ್ಷದ ವಿಪ್ ನಡೆಯುವುದಿಲ್ಲ. ಅಭ್ಯರ್ಥಿಗಳ ಮುಂದೆ 1, 2 ಎಂದು ಪ್ರಾಶಸ್ತ್ಯ ಬರೆಯಬೇಕು, ಅರ್ಧಕ್ಕಿಂತ ಹೆಚ್ಚು ಮೌಲ್ಯ ಪಡೆದವರು ಗೆದ್ದಂತೆ. 1969ರಲ್ಲಿ ವಿ.ವಿ. ಗಿರಿ ಗೆದ್ದದ್ದು ಎರಡನೆಯ ಪ್ರಾಶಸ್ತ್ಯದ ಎಣಿಕೆಯಲ್ಲಿ. 2022ರ ಜುಲೈನಲ್ಲಿ ದ್ರೌಪದಿ ಮುರ್ಮು 6,76,803 ಮೌಲ್ಯದ ಮತ ಪಡೆದರೆ, ಯಶವಂತ ಸಿನ್ಹಾ ಅವರಿಗೆ 3,80,177 ಬಂದವು.

ಉಪರಾಷ್ಟ್ರಪತಿಯನ್ನು ಸಂಸದರು ಮಾತ್ರ ಆರಿಸುತ್ತಾರೆ. 2002ರಲ್ಲಿ ಸೊಲ್ಲಾಪುರದ ಸುಶೀಲಕುಮಾರ ಶಿಂದೆ ಈ ಸ್ಥಾನಕ್ಕೆ ನಿಂತು ಭೈರೋನ್ ಸಿಂಗ್ ಶೇಖಾವತ್ ಎದುರು ಸೋತದ್ದು ಜಿಲ್ಲೆಯ ಹಿರಿಯರಿಗೆ ನೆನಪಿರಬಹುದು.

ಮನವಿಯ ಮಾತಿಗೆ ಮರಳುವುದಾದರೆ, ರಾಷ್ಟ್ರಪತಿಗಳ ಹೆಸರಿಗೆ ಹೋದ ಕಾಗದದ ಮೇಲೆ ನಿಜವಾದ ತೀರ್ಮಾನ ಆಗುವುದು ಕೇಂದ್ರ ಸಚಿವ ಸಂಪುಟದಲ್ಲಿ. ಆದ್ದರಿಂದ ಅದರ ಒಂದು ಪ್ರತಿ ಖಾಸದಾರರ ಕೈಯಲ್ಲಿಯೂ ಇನ್ನೊಂದು ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿಯಲ್ಲಿಯೂ ಇರುವುದು ಒಳ್ಳೆಯದು. ಶಾಲೆಯ ಬೇಡಿಕೆಯಾದರೆ 350ಎ ಎಂದು, ಕಚೇರಿಯ ಭಾಷೆಯ ಬೇಡಿಕೆಯಾದರೆ 347 ಎಂದು ವಿಧಿಯನ್ನು ಸ್ಪಷ್ಟವಾಗಿ ಬರೆಯಬೇಕು. ಇದನ್ನೆಲ್ಲ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಸಲು ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕುಂದುಕೊರತೆಯ ಅರ್ಜಿಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು ಎಂದು 350ನೆಯ ವಿಧಿ ಹೇಳುತ್ತದೆ. ಕನ್ನಡದಲ್ಲಿಯೇ ಬರೆಯಬಹುದು.