ಹನ್ನೊಂದು ಅಂಕೆಗಳ ಹಾರ

ರಾಯಚೂರು ಜಿಲ್ಲೆಯ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್. ಎಂಟೂ ಘಟಕಗಳು ಇಪ್ಪತ್ನಾಲ್ಕು ತಾಸು ಪೂರ್ತಿ ಓಡಿದರೆ 4,12,80,000 ಯೂನಿಟ್ ವಿದ್ಯುತ್ತು. ಸಾಲು ಸೊನ್ನೆ ಕಂಡೊಡನೆ ಇದು ಸಲೀಸಾಗಿ ಭಾಗವಾಗುವ ಸಂಖ್ಯೆ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ನಿಜವೇ, ಇದಕ್ಕೆ 200 ಭಾಜಕಗಳಿವೆ. ಎಡವುವುದು ಇನ್ನೊಂದು ಮಗ್ಗುಲಲ್ಲಿ. ಕೊನೆಗೆ 1 ಇರುವ ದೊಡ್ಡ ಬೆಸ ಸಂಖ್ಯೆ ಒಡೆಯುವುದೇ ಇಲ್ಲ, ಒಡೆದರೂ ಒಂದೆರಡು ಚೂರು ಎಂದು ನಂಬಿದವರು ಬಹಳ.

ಈ ನಂಬಿಕೆಗೆ ಉತ್ತರ ಪಕ್ಕದ ಕಲಬುರಗಿ ಸೀಮೆಯಲ್ಲೇ ಇದೆ. ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಕೊಂಡಾಡಿ ‘ಗಣಿತಸಾರಸಂಗ್ರಹ’ ಆರಂಭಿಸಿದ ಮಹಾವೀರಾಚಾರ್ಯರು, ಒಂಬತ್ತನೆಯ ಶತಮಾನದಲ್ಲೇ 27994681ನ್ನು 441ರಿಂದ ಗುಣಿಸಲು ಹೇಳಿದ್ದಾರೆ. ಬರುವ ಉತ್ತರ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕೊರಳ ಹಾರದಂಥ ಸಂಖ್ಯೆ.

ಈಗ ಅದನ್ನು ಒಡೆಯೋಣ. ಬಲಗಡೆಯಿಂದ ಮೂರು ಮೂರು ಅಂಕೆ ಬಿಡಿಸಿ: 321, 654, 345, 12. ಒಂದನ್ನು ಕಳೆಯುತ್ತ, ಮುಂದಿನದನ್ನು ಕೂಡಿಸುತ್ತ ಹೋಗಿ: 321 − 654 + 345 − 12. ಸೊನ್ನೆ! ಹೀಗೆ ಸೊನ್ನೆ ಬಂದರೆ ಸಂಖ್ಯೆ 1001ರಿಂದ, ಅಂದರೆ 7, 11, 13 ಮೂರರಿಂದಲೂ ಭಾಗವಾಗುತ್ತದೆ. ಇಷ್ಟಕ್ಕೆ ಮುಗಿಯಲಿಲ್ಲ. ಇದು 111111ರ ವರ್ಗ; 111111 ಎಂದರೆ 3 × 7 × 11 × 13 × 37. ಹಾಗಾಗಿ ಈ ಐದೂ ಅವಿಭಾಜ್ಯಗಳು ಎರಡೆರಡು ಸಲ ಕೂತಿವೆ, ಭಾಜಕಗಳು 243. ಸೊನ್ನೆಗಳ ಸಾಲಿದ್ದ ಶಕ್ತಿನಗರದ ಸಂಖ್ಯೆಗಿಂತ ಹೆಚ್ಚು.

ಹಾರದಂಥ ಆ ಸಂಖ್ಯೆಯ ಅಂಕೆಗಳನ್ನು ಕೂಡಿದರೆ 36, ಮತ್ತೆ ಕೂಡಿದರೆ 9. ಗಾಡಿಯ ನಂಬರ್ ಕೂಡಿದಾಗ 9 ಬರಲೆಂದು ದುಡ್ಡು ಸುರಿಯುವವರಿದ್ದಾರೆ. ಆ 9 ಹೇಳುವುದು ಸಂಖ್ಯೆ 9ರಿಂದ ಭಾಗವಾಗುತ್ತದೆ ಎಂಬುದನ್ನಷ್ಟೇ. 10, 100, 1000 ಯಾವುದನ್ನು 9ರಿಂದ ಭಾಗಿಸಿದರೂ 1 ಉಳಿಯುವುದರಿಂದ ಹೀಗಾಗುತ್ತದೆ. ನಾವು ಎಂಟೆಂಟರ ಲೆಕ್ಕದಲ್ಲಿ ಎಣಿಸುತ್ತಿದ್ದರೆ ಈ ಮರ್ಯಾದೆ 7ಕ್ಕೆ ಸಿಗುತ್ತಿತ್ತು.

ಅವಿಭಾಜ್ಯವೋ ಅಲ್ಲವೋ ತಿಳಿಯಲು ಕೆಳಗಿನ ಎಲ್ಲ ಸಂಖ್ಯೆಗಳಿಂದ ಭಾಗಿಸಿ ನೋಡಬೇಕೆಂಬುದೂ ತಪ್ಪು. ವರ್ಗಮೂಲದವರೆಗೆ ನೋಡಿದರೆ ಸಾಕು. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಭಾಜಕಗಳನ್ನು ಹುಡುಕದೆಯೇ ಖಚಿತವಾಗಿ, ತ್ವರಿತವಾಗಿ ನಿರ್ಧರಿಸುವ ವಿಧಾನ ಕೊಟ್ಟರು. ಆದರೆ ಒಡೆಯುತ್ತದೆ ಎಂದು ತಿಳಿಯುವುದು ಬೇರೆ, ಒಡೆದು ತೋರಿಸುವುದು ಬೇರೆ. ಎರಡನೆಯದು ಇಂದಿಗೂ ಕಷ್ಟ. ಅಂತರ್ಜಾಲದ ಹಣಕಾಸು ವ್ಯವಹಾರಗಳ ಗುಟ್ಟು ಕಾಯುವ ಆರ್‌ಎಸ್‌ಎ ವಿಧಾನ ನಿಂತಿರುವುದು ಆ ಕಷ್ಟದ ಮೇಲೆಯೇ.

ಇನ್ನು 1ರಿಂದ ಏರಿ ಇಳಿಯುವ ಸಂಖ್ಯೆಗಳೆಲ್ಲ ಒಡೆಯುತ್ತವೆ ಎಂದುಕೊಳ್ಳುವುದೂ ಬೇಡ. 9ರವರೆಗೆ ಏರಿ ಇಳಿಯುವ 12345678987654321 ಕೂಡ ವರ್ಗವೇ, 111111111ರದು. ಅದನ್ನೇ 10ರವರೆಗೆ ಏರಿಸಿ ಇಳಿಸಿ ಬರೆಯಿರಿ: 12345678910987654321. ಇಪ್ಪತ್ತು ಅಂಕೆಗಳ ಈ ಸಂಖ್ಯೆ ಅವಿಭಾಜ್ಯ.